ಗಾಜಿನ ಬಾಗಿಲ ಹಿಂದೆ ಬೇಯುವ ಆಂಪ್ಲಿಫೈಯರ್

ನಮ್ಮ ಮನೆಗಳ ನಡುಮನೆಯಲ್ಲಿ ಷೋಕೇಸಿಗೆ ಗೌರವದ ಸ್ಥಾನವಿದೆ. ಚನ್ನಪಟ್ಟಣದ ಬೊಂಬೆಗಳು, ಮಕ್ಕಳು ಗೆದ್ದ ಬಹುಮಾನದ ಕಪ್ಪುಗಳು, ಮದುವೆಯಲ್ಲಿ ಬಂದ ಉಡುಗೊರೆಗಳು ಅದರ ಗಾಜಿನ ಹಿಂದೆ ಸಾಲಾಗಿ ನಿಂತಿರುತ್ತವೆ. ಅವುಗಳ ಜೊತೆಗೇ ಒಂದು ಖಾನೆಯಲ್ಲಿ ಮನೆಯ ಹಾಡಿನ ಪೆಟ್ಟಿಗೆಯೂ ಇರುತ್ತದೆ: ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ಸಿಡಿ ಅಥವಾ ಡಿವಿಡಿ ಪ್ಲೇಯರ್. ಈಗಿನ ಮನೆಗಳಲ್ಲಿ ಷೋಕೇಸಿನ ಬದಲು 'ಟಿವಿ ಯೂನಿಟ್' ಬಂದಿದೆ. ಕ್ಯಾಸೆಟ್ ಡೆಕ್ಕಿನ ಜಾಗಕ್ಕೆ ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್ ಬಂದು ಕುಳಿತಿವೆ. ಪೆಟ್ಟಿಗೆ ಮಾತ್ರ ಬದಲಾಗಿಲ್ಲ. ಮೂರು ಬದಿ ಪ್ಲೈವುಡ್, ಹಿಂದೆ ಗೋಡೆಗೆ ಅಂಟಿದ ಹಲಗೆ, ಮುಂದೆ ಗಾಜಿನ ಬಾಗಿಲು.

ಬೊಂಬೆಗೂ ಆಂಪ್ಲಿಫೈಯರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬೊಂಬೆ ಶಾಖವನ್ನು ಉತ್ಪಾದಿಸುವುದಿಲ್ಲ. ಇಷ್ಟು ಸರಳವಾದ ಸಂಗತಿಯನ್ನು ನಮ್ಮ ಪೀಠೋಪಕರಣಗಳ ವಿನ್ಯಾಸ ಗಣನೆಗೆ ತೆಗೆದುಕೊಂಡಿಲ್ಲ ಎಂಬುದೇ ಈ ಲೇಖನದ ಆಕ್ಷೇಪಣೆ. ನಾವು ವಿಮರ್ಶಿಸಲು ಹೊರಟಿರುವುದು ಒಂದು ವಸ್ತುವನ್ನು. ಪುಸ್ತಕ, ನಾಟಕಗಳನ್ನು ವಿಮರ್ಶಿಸುವಂತೆ ಬಳಕೆಯ ವಸ್ತುಗಳನ್ನೂ ವಿಮರ್ಶಿಸಬಹುದು. ಅದಕ್ಕೆ ಬೇಕಾಗುವ ಮಾನದಂಡ ಪ್ರೌಢಶಾಲೆಯ ಭೌತವಿಜ್ಞಾನದಲ್ಲೇ ಇದೆ.

ಶಾಖ ಎಲ್ಲಿಂದ ಬರುತ್ತದೆ?

ಆಂಪ್ಲಿಫೈಯರ್ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತನ್ನು ಪಡೆದು, ಅದರ ಒಂದು ಭಾಗವನ್ನು ಸ್ಪೀಕರಿಗೆ ಕೊಡುತ್ತದೆ. ಉಳಿದದ್ದು ಟ್ರಾನ್ಸಿಸ್ಟರುಗಳಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಶಾಖವಾಗುತ್ತದೆ. ಎಷ್ಟು ಭಾಗ ಎಂಬುದು ಆಂಪ್ಲಿಫೈಯರಿನ ವರ್ಗವನ್ನು ಅವಲಂಬಿಸಿದೆ. 'ಎ' ವರ್ಗದ ದಕ್ಷತೆ ಸಿದ್ಧಾಂತದ ಪ್ರಕಾರವೇ ಶೇಕಡಾ 50ನ್ನು ಮೀರುವುದಿಲ್ಲ. 'ಬಿ' ವರ್ಗದ ಗರಿಷ್ಠ ದಕ್ಷತೆ ಶೇಕಡಾ 78.5. ಮನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು, ಇಂದಿಗೂ ಇರುವುದು ಇವೆರಡರ ನಡುವಿನ 'ಎಬಿ' ವರ್ಗ.

ಇಲ್ಲಿ ಒಂದು ಸ್ವಾರಸ್ಯವಿದೆ. ಧ್ವನಿಯನ್ನು ಪೂರ್ತಿ ಏರಿಸಿದಾಗ ಆಂಪ್ಲಿಫೈಯರ್ ಅತಿ ಹೆಚ್ಚು ಬಿಸಿಯಾಗುತ್ತದೆ ಎಂದು ನೀವು ಭಾವಿಸಿರಬಹುದು. ಹಾಗಲ್ಲ. 'ಬಿ' ವರ್ಗದ ಸಮೀಕರಣವನ್ನು ಬಿಡಿಸಿ ನೋಡಿದರೆ, ಅದರ ಗರಿಷ್ಠ ಸಾಮರ್ಥ್ಯದ ಸುಮಾರು ಶೇಕಡಾ 40ರಷ್ಟು ಹೊರಬರುತ್ತಿರುವಾಗ ಟ್ರಾನ್ಸಿಸ್ಟರುಗಳಲ್ಲಿ ಅತ್ಯಧಿಕ ಶಾಖ ಉತ್ಪತ್ತಿಯಾಗುತ್ತದೆ. ಆಗ ಸ್ಪೀಕರಿಗೆ ಹೋಗುವಷ್ಟೇ ಶಕ್ತಿ ಶಾಖವಾಗಿಯೂ ಹೋಗುತ್ತದೆ. ಅಂದರೆ 100 ವ್ಯಾಟಿನ ಒಂದು ಚಾನೆಲ್ 40 ವ್ಯಾಟ್ ಸಂಗೀತದ ಜೊತೆಗೆ 40 ವ್ಯಾಟ್ ಶಾಖವನ್ನೂ ಕೊಡುತ್ತದೆ. ಹಲವು ಚಾನೆಲುಗಳ ಹೋಂ ಥಿಯೇಟರ್ ರಿಸೀವರುಗಳು ಏನನ್ನೂ ನುಡಿಸದೆ ಸುಮ್ಮನೆ ಚಾಲೂ ಇದ್ದಾಗಲೇ 30ರಿಂದ 50 ವ್ಯಾಟ್ ಬಳಸುವುದುಂಟು. ಅದೆಲ್ಲವೂ ಶಾಖವೇ. ಆದ್ದರಿಂದ ನಮ್ಮ ಲೆಕ್ಕಕ್ಕೆ 40 ವ್ಯಾಟ್ ಎಂದು ಇಟ್ಟುಕೊಳ್ಳುವುದು ಅತಿಶಯವಲ್ಲ.

ಒಂದು ಲೆಕ್ಕ

ಷೋಕೇಸಿನ ಖಾನೆಯ ಅಗಲ 50 ಸೆಂ.ಮೀ., ಆಳ 40 ಸೆಂ.ಮೀ., ಎತ್ತರ 20 ಸೆಂ.ಮೀ. ಇರಲಿ. ಒಟ್ಟು ಗಾತ್ರ 40 ಲೀಟರ್. ಅದರಲ್ಲಿ ಸುಮಾರು ಅರ್ಧವನ್ನು ಆಂಪ್ಲಿಫೈಯರೇ ತುಂಬಿಕೊಂಡಿರುತ್ತದೆ. ಉಳಿಯುವುದು 20 ಲೀಟರ್ ಗಾಳಿ. ಇದರ ರಾಶಿ ಸುಮಾರು 23 ಗ್ರಾಂ. ಒಂದು ಗ್ರಾಂ ಗಾಳಿಯ ತಾಪವನ್ನು 1 ಡಿಗ್ರಿ ಏರಿಸಲು ಸುಮಾರು 1 ಜೂಲ್ ಸಾಕು. ಹಾಗಾಗಿ ಈ ಗಾಳಿಯೊಂದೇ ಶಾಖವನ್ನು ಹೀರುತ್ತದೆ ಎಂದು ಊಹಿಸಿದರೆ, 40 ವ್ಯಾಟ್ ಅದನ್ನು ಸೆಕೆಂಡಿಗೆ ಒಂದೂವರೆ ಡಿಗ್ರಿಗಿಂತ ವೇಗವಾಗಿ ಬಿಸಿಮಾಡುತ್ತದೆ. ವಾಸ್ತವದಲ್ಲಿ ಹೀಗಾಗದಿರುವುದು ಆಂಪ್ಲಿಫೈಯರಿನ ಲೋಹ, ಹಲಗೆಗಳು ಶಾಖವನ್ನು ಹೀರಿಕೊಳ್ಳುವುದರಿಂದ. ಆದರೆ ಪೆಟ್ಟಿಗೆಯೊಳಗಿನ ಗಾಳಿ ಶಾಖದ ಉಗ್ರಾಣವಾಗಲಾರದು ಎಂಬುದು ಇದರಿಂದ ಸ್ಪಷ್ಟ. ಗಾಳಿಯ ಕೆಲಸ ಶಾಖವನ್ನು ಕೂಡಿಡುವುದಲ್ಲ, ಹೊತ್ತು ಹೊರಗೆ ಸಾಗಿಸುವುದು. ಅದಕ್ಕೆ ಅದು ಚಲಿಸಬೇಕು.

ಗಾಳಿ ಚಲಿಸದಿದ್ದರೆ ಶಾಖ ಹಲಗೆಗಳ ಮೂಲಕವೇ ಹೊರಬೀಳಬೇಕು. 18 ಮಿ.ಮೀ. ದಪ್ಪದ ಪ್ಲೈವುಡ್, ಅದರ ಎರಡೂ ಬದಿಗೆ ಅಂಟಿಕೊಂಡ ಗಾಳಿಯ ಪದರ, ಇವನ್ನು ಸೇರಿಸಿ ಲೆಕ್ಕ ಹಾಕಿದರೆ, ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಹಲಗೆಯ ಮೂಲಕ ಸುಮಾರು 2.5 ವ್ಯಾಟ್ ದಾಟುತ್ತದೆ. ನಮ್ಮ ಖಾನೆಯ ಆರೂ ಮೈಗಳ ಒಟ್ಟು ವಿಸ್ತೀರ್ಣ 0.76 ಚದರ ಮೀಟರ್. ಆರೂ ಕಡೆ ಬಯಲಿದ್ದರೆ 40 ವ್ಯಾಟ್ ಹೊರಹೋಗಲು ಒಳಗಿನ ಗಾಳಿ ಹೊರಗಿಗಿಂತ ಸುಮಾರು 21 ಡಿಗ್ರಿ ಬಿಸಿಯಾಗಿರಬೇಕು. ಆದರೆ ಷೋಕೇಸಿನ ಖಾನೆಗೆ ಆರು ಕಡೆ ಬಯಲೆಲ್ಲಿ? ಹಿಂದೆ ಗೋಡೆ, ಮೇಲೆ ಕೆಳಗೆ ಬೇರೆ ಖಾನೆಗಳು. ಅರ್ಧ ಭಾಗವಷ್ಟೇ ಕೆಲಸಕ್ಕೆ ಬಂದರೆ ವ್ಯತ್ಯಾಸ 42 ಡಿಗ್ರಿಗೆ ಏರುತ್ತದೆ. ಕೋಣೆಯ ತಾಪ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳಗೆ 72 ಡಿಗ್ರಿ! ಬೇಸಿಗೆಯ ಕಲಬುರಗಿ, ರಾಯಚೂರುಗಳಲ್ಲಿ ಕೋಣೆಯೇ 38 ಡಿಗ್ರಿ ಇದ್ದಾಗ ಏನಾದೀತು ಎಂಬ ಲೆಕ್ಕವನ್ನು ನೀವೇ ಮಾಡಿ.

ಇದು ಆಂಪ್ಲಿಫೈಯರಿನ ಸುತ್ತಲ ಗಾಳಿಯ ತಾಪ ಮಾತ್ರ. ಒಳಗಿನ ಟ್ರಾನ್ಸಿಸ್ಟರ್ ಇದಕ್ಕಿಂತ ಬಿಸಿಯಾಗಿರುತ್ತದೆ. ಇದನ್ನು ಓಮ್‌ನ ನಿಯಮದ ಮಾದರಿಯಲ್ಲಿ ನೋಡಬಹುದು. ಶಾಖದ ಹರಿವು ವಿದ್ಯುತ್ ಪ್ರವಾಹದಂತೆ. ತಾಪದ ವ್ಯತ್ಯಾಸ ವೋಲ್ಟೇಜಿನಂತೆ. ದಾರಿಯಲ್ಲಿರುವ ಅಡೆತಡೆ ಉಷ್ಣರೋಧ. ಪ್ರತಿ ವ್ಯಾಟಿಗೆ 1 ಡಿಗ್ರಿ ಉಷ್ಣರೋಧವಿರುವ ಹೀಟ್ ಸಿಂಕ್ 40 ವ್ಯಾಟನ್ನು ಹೊರಹಾಕುವಾಗ ಸುತ್ತಲ ಗಾಳಿಗಿಂತ 40 ಡಿಗ್ರಿ ಬಿಸಿಯಾಗಿರುತ್ತದೆ. ಗಾಳಿ 30 ಡಿಗ್ರಿ ಇದ್ದರೆ ಸಿಂಕ್ 70. ಗಾಳಿ 72 ಇದ್ದರೆ ಸಿಂಕ್ 112. ಸಿಲಿಕಾನ್ ಟ್ರಾನ್ಸಿಸ್ಟರುಗಳ ಸಂಧಿಯ ಗರಿಷ್ಠ ಮಿತಿ ಸಾಮಾನ್ಯವಾಗಿ 150 ಡಿಗ್ರಿ. ಸಂಧಿ ಸಿಂಕಿಗಿಂತಲೂ ಬಿಸಿ ಎಂಬುದನ್ನು ನೆನಪಿಟ್ಟರೆ, ಎಷ್ಟು ಅಂಚಿಗೆ ಬಂದಿದ್ದೇವೆ ಎಂಬುದು ತಿಳಿಯುತ್ತದೆ.

ಹಾನಿ ಯಾವುದಕ್ಕೆ?

'ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ' ಎಂಬ ಉತ್ತರ ಸಾಮಾನ್ಯ. ಕಡಿಮೆ ಧ್ವನಿಯಲ್ಲಿ ದಿನಕ್ಕೆ ಅರ್ಧ ಗಂಟೆ ಹಾಡು ಕೇಳುವವರಿಗೆ ಇದು ನಿಜವೂ ಆಗಿರಬಹುದು. ಶಾಖದ ಹಾನಿ ಸಿಡಿಲಿನಂತೆ ಎರಗುವುದಿಲ್ಲ, ಗೆದ್ದಲಿನಂತೆ ತಿನ್ನುತ್ತದೆ. ಅದು ಮೊದಲು ತಿನ್ನುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು. ಇವುಗಳೊಳಗೆ ದ್ರವರೂಪದ ಎಲೆಕ್ಟ್ರೊಲೈಟ್ ಇರುತ್ತದೆ. ತಾಪ ಏರಿದಂತೆ ಅದು ಮುಚ್ಚಳದ ಸಂದಿಯಿಂದ ನಿಧಾನವಾಗಿ ಆವಿಯಾಗಿ ಹೋಗುತ್ತದೆ. ತಾಪ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಅನುಸರಿಸುವ ಸ್ಥೂಲ ನಿಯಮ.

'85 ಡಿಗ್ರಿ, 2000 ಗಂಟೆ' ಎಂದು ನಮೂದಾದ ಒಂದು ಕೆಪಾಸಿಟರನ್ನು ತೆಗೆದುಕೊಳ್ಳಿ. ಅದು 45 ಡಿಗ್ರಿಯಲ್ಲಿ ಕೆಲಸ ಮಾಡಿದರೆ ನಾಲ್ಕು ಬಾರಿ ದ್ವಿಗುಣಗೊಂಡು 32,000 ಗಂಟೆ ಬಾಳಬೇಕು. ದಿನಕ್ಕೆ 4 ಗಂಟೆಯಂತೆ 22 ವರ್ಷ. 65 ಡಿಗ್ರಿಯಲ್ಲಾದರೆ 8,000 ಗಂಟೆ, ಅಂದರೆ ಐದೂವರೆ ವರ್ಷ. 85 ಡಿಗ್ರಿಯಲ್ಲೇ ಬೆಂದರೆ 500 ದಿನ. ಒಂದೇ ಉಪಕರಣ, ಒಂದೇ ಹಾಡು. ಇಟ್ಟ ಜಾಗ ಮಾತ್ರ ಬೇರೆ. ರೇಡಿಯೊ ರಿಪೇರಿ ಮಾಡುವವರಲ್ಲಿ 'ಗುಂಯ್ ಎನ್ನುತ್ತಿದೆ' ಎಂದು ಬರುವ ಹಳೆಯ ಸೆಟ್ಟುಗಳಲ್ಲಿ ಮೊದಲು ಪರೀಕ್ಷಿಸುವುದು ವಿದ್ಯುತ್ ಪೂರೈಕೆಯ ಈ ಕೆಪಾಸಿಟರುಗಳನ್ನೇ.

ಕೆಪಾಸಿಟರನ್ನು ಬದಲಿಸಬಹುದು. ಬದಲಿಸಲಾಗದವೂ ಇವೆ. ಸಾನ್ಯೊ ಕಂಪನಿಯ 'ಎಸ್‌ಟಿಕೆ' ಸರಣಿಯ ಹೈಬ್ರಿಡ್ ಐಸಿಗಳು ಒಂದು ಕಾಲದಲ್ಲಿ ಮನೆಬಳಕೆಯ ಸ್ಟೀರಿಯೊಗಳಲ್ಲಿ ತುಂಬಿಕೊಂಡಿದ್ದವು. 2011ರಲ್ಲಿ ಸಾನ್ಯೊದ ಅರೆವಾಹಕ ವಿಭಾಗ ಬೇರೆ ಕಂಪನಿಯ ಪಾಲಾಯಿತು. ಆ ಐಸಿಗಳಲ್ಲಿ ಹಲವು ಈಗ ತಯಾರಾಗುತ್ತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಹುಡುಕಿ ತಂದರೂ ಸಿಕ್ಕಿದ್ದು ಅಸಲಿಯೋ ನಕಲಿಯೋ ಎಂಬ ಅನುಮಾನ ಉಳಿಯುತ್ತದೆ. ಕ್ಯಾಸೆಟ್ ಡೆಕ್ಕುಗಳ ಸ್ಥಿತಿಯೂ ಇದೇ. ಎಷ್ಟೋ ಮನೆಗಳಲ್ಲಿ ಅಜ್ಜಿ ಹಾಡಿದ ಸೋಬಾನೆ, ಊರಿನ ತಾಳಮದ್ದಳೆ, ಹರಿಕಥೆ, ಮಗುವಿನ ಮೊದಲ ತೊದಲು ಕ್ಯಾಸೆಟ್ಟುಗಳಲ್ಲಿ ಮಾತ್ರ ಉಳಿದಿವೆ. ಬೇರೆಲ್ಲೂ ಅವುಗಳ ಪ್ರತಿ ಇಲ್ಲ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರೆಗಾದರೂ ಡೆಕ್ ಬದುಕಿರಬೇಕು. ಆ ಕ್ಯಾಸೆಟ್ಟುಗಳನ್ನು ನಾವು ಜೋಡಿಸಿಡುವುದಾದರೂ ಎಲ್ಲಿ? ಹೆಚ್ಚಾಗಿ ಆಂಪ್ಲಿಫೈಯರಿನ ತಲೆಯ ಮೇಲೆ! ಸುರುಳಿಯ ಒಂದು ಸುತ್ತಿನ ಕಾಂತೀಯ ಗುರುತು ಪಕ್ಕದ ಸುತ್ತಿಗೆ ಇಳಿದು, ಹಾಡಿಗೆ ಮುಂಚೆಯೇ ಅದರ ಮೆಲುದನಿ ಕೇಳಿಸುವ ದೋಷ ತಾಪದೊಂದಿಗೆ ಹೆಚ್ಚುತ್ತದೆ. ಗ್ರಾಮಫೋನ್ ತಟ್ಟೆಗಳು 60 ಡಿಗ್ರಿಯ ಆಸುಪಾಸಿನಲ್ಲಿ ಸೊಟ್ಟಗಾಗತೊಡಗುತ್ತವೆ.

ಬೆಂಕಿಯ ಬಗೆಗೆ ಒಂದು ಮಾತು. ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿಗಿಂತ ಹೆಚ್ಚಿನ ತಾಪ ಬೇಕು. ಸರಿಯಾಗಿ ಕೆಲಸ ಮಾಡುತ್ತಿರುವ ಆಂಪ್ಲಿಫೈಯರಿನ ಶಾಖದಿಂದ ಷೋಕೇಸ್ ಹೊತ್ತಿಕೊಳ್ಳುತ್ತದೆ ಎಂದು ಹೆದರಿಸುವುದು ವಿಜ್ಞಾನವಲ್ಲ. ಅಪಾಯ ಬೇರೆ ಕಡೆ ಇದೆ. ಅದೇ ಖಾನೆಯಲ್ಲಿ ದೂಳಿನ ನಡುವೆ ಬಿದ್ದಿರುವ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು, ಅದರ ಸಡಿಲ ಪಿನ್ನುಗಳು, ಕಿಡಿ ಹಾರಿದರೂ ಯಾರ ಕಣ್ಣಿಗೂ ಬೀಳದ ಮುಚ್ಚಿದ ಹಿಂಬದಿ. ಬೋರ್ಡನ್ನು ಖಾನೆಯಿಂದ ಹೊರಗೆ, ಕಣ್ಣಿಗೆ ಕಾಣುವಂತೆ ಇಡುವುದು ಮೊದಲ ಸುಧಾರಣೆ.

ಗಾಜು ಮಾಡುವ ಮೋಸ

'ಗಾಜಿನ ಬಾಗಿಲು ಮುಚ್ಚಿದ್ದರೂ ರಿಮೋಟ್ ಕೆಲಸ ಮಾಡುತ್ತದೆ. ರಿಮೋಟಿನದೂ ಅವಕೆಂಪು ಕಿರಣ, ಶಾಖದ್ದೂ ಅವಕೆಂಪು ಕಿರಣ. ಹಾಗಾದರೆ ಶಾಖವೂ ಗಾಜಿನ ಮೂಲಕ ಹೊರಗೆ ಬರಬೇಕಲ್ಲವೆ?' ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದರೆ ಅವನನ್ನು ಮೆಚ್ಚಬೇಕು, ಆದರೆ ಉತ್ತರ 'ಇಲ್ಲ'. ರಿಮೋಟಿನ ಕಿರಣದ ತರಂಗಾಂತರ ಸುಮಾರು 0.94 ಮೈಕ್ರೊಮೀಟರ್. ಇದು ಬೆಳಕಿಗೆ ಹತ್ತಿರದ ಅವಕೆಂಪು. ಗಾಜು ಇದನ್ನು ಬಿಟ್ಟುಕೊಡುತ್ತದೆ. 57 ಡಿಗ್ರಿ ಸೆಲ್ಸಿಯಸ್, ಅಂದರೆ 330 ಕೆಲ್ವಿನ್ ತಾಪದ ವಸ್ತು ಅತ್ಯಧಿಕವಾಗಿ ಸೂಸುವ ತರಂಗಾಂತರ, ವೀನ್ ನಿಯಮದ ಪ್ರಕಾರ, 2898ನ್ನು 330ರಿಂದ ಭಾಗಿಸಿದಾಗ ಬರುವ 8.8 ಮೈಕ್ರೊಮೀಟರ್. ಸಾಧಾರಣ ಗಾಜು ಸುಮಾರು 5 ಮೈಕ್ರೊಮೀಟರಿನಾಚೆಗಿನ ಕಿರಣಗಳಿಗೆ ಗೋಡೆಯಿದ್ದಂತೆ. ಆದ್ದರಿಂದ ಗಾಜಿನ ಬಾಗಿಲು ನಮ್ಮ ಕಣ್ಣಿಗೆ ತೆರೆದಂತೆ, ಶಾಖದ ಪಾಲಿಗೆ ಮುಚ್ಚಿದಂತೆ. ಸಂವಹನ, ವಿಕಿರಣ ಎರಡಕ್ಕೂ ಒಟ್ಟಿಗೇ ತಡೆಯೊಡ್ಡಿ, ನೋಟಕ್ಕೆ ಮಾತ್ರ ದಾರಿ ಬಿಡುವ ಈ ಬಾಗಿಲು ಬೊಂಬೆಗಳಿಗೆ ಅತ್ಯುತ್ತಮ, ಆಂಪ್ಲಿಫೈಯರಿಗೆ ಅತಿ ಕೆಟ್ಟದ್ದು.

ತೂತು ಸಾಕೆ?

ಬಡಗಿಗಳು ಹಿಂದಿನ ಹಲಗೆಯಲ್ಲಿ ವೈರ್ ಹಾಯಿಸಲು 5 ಸೆಂ.ಮೀ. ವ್ಯಾಸದ ಒಂದು ದುಂಡು ತೂತು ಕೊರೆಯುತ್ತಾರೆ. 'ಗಾಳಿಗೆ ಅದು ಸಾಕು' ಎನ್ನುವುದು ವಾಡಿಕೆ. ಇದನ್ನೂ ಲೆಕ್ಕಕ್ಕೆ ಒಡ್ಡೋಣ.

40 ವ್ಯಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಬೇಕಾದರೆ ಸೆಕೆಂಡಿಗೆ 4 ಗ್ರಾಂ, ಅಂದರೆ ಸುಮಾರು ಮೂರೂವರೆ ಲೀಟರ್ ಗಾಳಿ ಹರಿಯಬೇಕು. ಫ್ಯಾನ್ ಇಲ್ಲದೆ ಇದನ್ನು ಹರಿಸುವುದು ಬಿಸಿಗಾಳಿಯ ಹಗುರತನ. ಕೆಳಗಿನ ಕಿಂಡಿಗೂ ಮೇಲಿನ ಕಿಂಡಿಗೂ 15 ಸೆಂ.ಮೀ. ಎತ್ತರದ ಅಂತರವಿದ್ದರೆ, ಹೊಗೆಗೂಡಿನ ಸೂತ್ರದ ಪ್ರಕಾರ ಎರಡೂ ಕಿಂಡಿಗಳು ತಲಾ ಸುಮಾರು 260 ಚದರ ಸೆಂ.ಮೀ. ಇರಬೇಕು. ಬಡಗಿ ಕೊರೆದ ತೂತು 20 ಚದರ ಸೆಂ.ಮೀ. ಅದರಲ್ಲೂ ಅರ್ಧ ವೈರುಗಳೇ ತುಂಬಿರುತ್ತವೆ. ವೈರಿಲ್ಲದ ಅಂಥ ಎರಡು ತೂತುಗಳು ಕೆಳಗೊಂದು ಮೇಲೊಂದು ಇದ್ದರೂ, ಒಳಗಿನ ಗಾಳಿ 20 ಡಿಗ್ರಿ ಹೆಚ್ಚು ಬಿಸಿಯಿರುವಾಗ ಅವುಗಳಿಂದ ಹೊರಹೋಗುವುದು 9 ವ್ಯಾಟಿಗಿಂತ ಕಡಿಮೆ. ಉಳಿದ 31 ವ್ಯಾಟ್ ಮತ್ತೆ ಹಲಗೆಗಳ ಪಾಲಿಗೇ.

ಒಂದೇ ತೂತಿದ್ದರೆ ಫಲ ಇನ್ನೂ ಕಡಿಮೆ. ಬಿಸಿಗಾಳಿ ಹೊರಗೆ ಹೋಗಬೇಕಾದರೆ ಅದರ ಜಾಗಕ್ಕೆ ತಣ್ಣನೆ ಗಾಳಿ ಒಳಬರಬೇಕು. ನಿಮ್ಮ ತರಗತಿಯ ಗೋಡೆಯನ್ನೇ ನೋಡಿ: ಕೆಳಗೆ ಕಿಟಕಿ, ಮೇಲೆ ಸೂರಿನ ಬಳಿ ವೆಂಟಿಲೇಟರ್. ಕಟ್ಟಡ ಕಟ್ಟಿದ ಮೇಸ್ತ್ರಿ ಮರೆಯದ ಈ ತತ್ವವನ್ನು ಷೋಕೇಸ್ ಮರೆತಿದೆ.

ಹಾಗೆಂದು ಬಡಗಿಯನ್ನು ದೂರುವುದು ನ್ಯಾಯವಲ್ಲ. ಅದೇ ಬಡಗಿಯ ಹಿರಿಯರು ಅಡುಗೆಮನೆಗೆ ಜಾಲರಿ ಕಪಾಟು ಮಾಡಿಕೊಟ್ಟಿದ್ದರು. ಹಾಲು, ಸಾರು ಕೆಡದಂತೆ ಗಾಳಿ ಆಡಬೇಕು, ಬೆಕ್ಕು ಮುಟ್ಟಬಾರದು. ಅದಕ್ಕೆ ತಕ್ಕ ಬಾಗಿಲು. ಒಳಗಿಡುವ ವಸ್ತುವಿಗೆ ಏನು ಬೇಕು ಎಂಬುದನ್ನು ಕೇಳಿ ಮಾಡಿದ ಪೀಠೋಪಕರಣ ಅದು. ಹಳೆಯ ವಾಲ್ವ್ ರೇಡಿಯೊಗಳನ್ನೂ ನೆನಪಿಸಿಕೊಳ್ಳಿ. ಮುಂದೆ ಹೊಳೆಯುವ ಮರ, ಹಿಂದೆ ಮಾತ್ರ ಸಾಲು ಸಾಲು ತೂತುಗಳಿರುವ ತೆಳು ರಟ್ಟುಹಲಗೆ. ವಾಲ್ವುಗಳ ಶಾಖಕ್ಕೆ ದಾರಿ ಬೇಕೆಂದು ಅದನ್ನು ತಯಾರಿಸಿದವರಿಗೆ ತಿಳಿದಿತ್ತು. ಟ್ರಾನ್ಸಿಸ್ಟರ್ ಬಂದಮೇಲೆ ಶಾಖ ಇಲ್ಲವಾಯಿತೆಂದು ನಾವು ಭಾವಿಸಿದೆವು. ಬಡಗಿಗೆ ಅಳತೆ ಕೊಡುವಾಗ ಉದ್ದ, ಅಗಲ, ಬಣ್ಣ ಹೇಳಿದೆವೇ ಹೊರತು ಒಳಗೆ ಎಷ್ಟು ವ್ಯಾಟ್ ಉರಿಯುತ್ತದೆ ಎಂದು ಹೇಳಲಿಲ್ಲ.

ಮನೆಯಲ್ಲೇ ಮಾಡಿದ ರ‍್ಯಾಕುಗಳು

ಷೋಕೇಸನ್ನು ಬಿಟ್ಟು ತಾವೇ ರ‍್ಯಾಕ್ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ನಾಲ್ಕು ಉದ್ದನೆಯ ಮರೆಯಿರುವ ಉಕ್ಕಿನ ಸರಳುಗಳು, ಮೂರು ಪ್ಲೈವುಡ್ ಹಲಗೆಗಳು, ಪ್ರತಿ ಮೂಲೆಗೂ ಮೇಲೊಂದು ಕೆಳಗೊಂದು ನಟ್ಟು, ವಾಷರು. ನಟ್ಟು ತಿರುಗಿಸಿ ಹಲಗೆಯ ಎತ್ತರವನ್ನು ಬೇಕಾದಂತೆ ಹೊಂದಿಸಬಹುದು. ನಾಲ್ಕೂ ಕಡೆ ಬಯಲು. ಉಷ್ಣದ ದೃಷ್ಟಿಯಿಂದ ಇದಕ್ಕೆ ನೂರಕ್ಕೆ ತೊಂಬತ್ತು ಅಂಕ ಕೊಡಬಹುದು. ಅಂಗಡಿ, ಗ್ರಂಥಾಲಯಗಳಲ್ಲಿ ಬಳಸುವ ಸ್ಲಾಟೆಡ್ ಆಂಗಲ್ ರ‍್ಯಾಕ್ ಕೂಡ ಒಳ್ಳೆಯದೇ.

ಆದರೆ ಇವುಗಳಲ್ಲೂ ದೋಷಗಳಿವೆ. ಮೊದಲನೆಯದು, ಒಂದರ ಮೇಲೊಂದು ಉಪಕರಣವನ್ನು ಅಂಟಿಸಿ ಪೇರಿಸುವುದು. ಆಂಪ್ಲಿಫೈಯರಿನ ಮೇಲ್ಮೈಯ ಸೀಳುಗಳ ಮೇಲೆ ಡಿವಿಡಿ ಪ್ಲೇಯರ್ ಕುಳಿತರೆ ರ‍್ಯಾಕ್ ತೆರೆದಿದ್ದೂ ಪ್ರಯೋಜನವಿಲ್ಲ. ಕಸೂತಿ ಹೊದಿಕೆ ಹಾಸಿದರೂ ಅಷ್ಟೆ. ಮೇಲ್ಗಡೆ ಕನಿಷ್ಠ 10 ಸೆಂ.ಮೀ. ಬಿಡಬೇಕು, ಇದಕ್ಕಿಂತ ಹೆಚ್ಚು ಕೇಳುವ ಕೈಪಿಡಿಗಳೂ ಇವೆ. ಎರಡನೆಯದು, ಜಾಗ ಸಾಲದೆಂದು ಆಂಪ್ಲಿಫೈಯರನ್ನು ಮಗ್ಗುಲಿಗೆ ನಿಲ್ಲಿಸುವುದು. ಹೀಟ್ ಸಿಂಕಿನ ರೆಕ್ಕೆಗಳು ನೆಟ್ಟಗೆ ನಿಂತಿದ್ದರೆ ಅವುಗಳ ನಡುವೆ ಗಾಳಿ ಸರಾಗವಾಗಿ ಮೇಲೇರುತ್ತದೆ. ಮಗ್ಗುಲಾದರೆ ರೆಕ್ಕೆಗಳೇ ಗಾಳಿಗೆ ಅಡ್ಡಗೋಡೆಯಾಗುತ್ತವೆ.

ಮೂರನೆಯದು ನಿಜವಾದ ಇಕ್ಕಟ್ಟು. ಬಿಸಿ ಉಪಕರಣ ಎಲ್ಲಕ್ಕಿಂತ ಮೇಲಿರಲಿ, ಅದರ ಶಾಖ ಬೇರೆಯವಕ್ಕೆ ತಗಲದಿರಲಿ ಎನ್ನುತ್ತದೆ ಉಷ್ಣಶಾಸ್ತ್ರ. ಭಾರವಾದದ್ದು ಕೆಳಗಿರಲಿ, ಗುರುತ್ವ ಕೇಂದ್ರ ತಗ್ಗಿನಲ್ಲಿರಲಿ ಎನ್ನುತ್ತದೆ ಬಲವಿಜ್ಞಾನ. ದೊಡ್ಡ ಟ್ರಾನ್ಸ್‌ಫಾರ್ಮರಿರುವ ಆಂಪ್ಲಿಫೈಯರ್ ಬಿಸಿಯೂ ಹೌದು, ಭಾರವೂ ಹೌದು. ಮಕ್ಕಳಿರುವ ಮನೆಯಲ್ಲಿ ಎತ್ತರದ ರ‍್ಯಾಕಿನ ತುದಿಯಲ್ಲಿ 12 ಕಿಲೋಗ್ರಾಂ ಇಡುವುದು ತಪ್ಪು. ಇಲ್ಲಿ ಒಂದು ಶಾಸ್ತ್ರದ ಮಾತನ್ನಷ್ಟೇ ಕೇಳಿದರೆ ಆಗದು. ರ‍್ಯಾಕನ್ನೇ ಗಿಡ್ಡ ಮಾಡಿ ಎರಡು ಅಂತಸ್ತಿಗೆ ಇಳಿಸುವುದು, ಅಥವಾ ಆಂಪ್ಲಿಫೈಯರನ್ನು ಕೆಳಗಿಟ್ಟು ಅದರ ಮೇಲೆ 15 ಸೆಂ.ಮೀ. ತೆರವು ಬಿಟ್ಟು, ಮೇಲಿನ ಹಲಗೆಯನ್ನು ಗೋಡೆಗೆ ತಾಗಿಸದೆ ಹಿಂದೆ ಬಿಸಿಗಾಳಿಗೆ ದಾರಿ ಕೊಡುವುದು ಪರಿಹಾರ. ಸರಳುಗಳ ನಡುವೆ ಕರ್ಣಕ್ಕೆ ಒಂದು ಪಟ್ಟಿ ಬಿಗಿದರೆ ಓಲಾಟವೂ ನಿಲ್ಲುತ್ತದೆ. ತ್ರಿಕೋನದ ದೃಢತೆಯನ್ನು ಪಾಠದಲ್ಲಿ ಓದಿದ್ದೇವಲ್ಲ!

ಫ್ಯಾನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆ. ಮುಚ್ಚಿದ ಖಾನೆಯೊಳಗೆ ಫ್ಯಾನ್ ಇಟ್ಟರೆ ಅದು ಬಿಸಿಗಾಳಿಯನ್ನೇ ಕಲಕುತ್ತದೆ, ತನ್ನ ಒಂದೆರಡು ವ್ಯಾಟನ್ನೂ ಸೇರಿಸುತ್ತದೆ. ಫ್ಯಾನನ್ನು ಮೇಲಿನ ಕಿಂಡಿಗೆ, ಹೊರಕ್ಕೆ ಊದುವಂತೆ ಜೋಡಿಸಬೇಕು. ಕೆಳಗೆ ಒಳಬರುವ ದಾರಿ ಇರಲೇಬೇಕು. ನಮಗೆ ಬೇಕಾದದ್ದು ಸೆಕೆಂಡಿಗೆ ಮೂರೂವರೆ ಲೀಟರ್ ಮಾತ್ರ. ಕಂಪ್ಯೂಟರಿನ 80 ಮಿ.ಮೀ. ಫ್ಯಾನನ್ನು 12 ವೋಲ್ಟಿನ ಬದಲು 7 ಅಥವಾ 8 ವೋಲ್ಟಿನಲ್ಲಿ ಓಡಿಸಿದರೂ ಅದು ಸಾಧ್ಯ. ಸದ್ದೂ ಕೇಳಿಸದು. ಗೋಡೆಯ ಗೂಡಿನಲ್ಲೇ ಕಟ್ಟಿದ, ಹಿಂಬದಿ ತೆರೆಯಲಾಗದ ಷೋಕೇಸುಗಳಿಗೆ ಇದೇ ದಾರಿ.

ದೂಳು, ಜಿರಳೆ, ಹಲ್ಲಿ

ತೆರೆದ ರ‍್ಯಾಕಿನ ವಿರುದ್ಧ ಇರುವ ವಾದವನ್ನು ಹಗುರವಾಗಿ ಕಾಣಬಾರದು. ನಮ್ಮ ಊರುಗಳ ದೂಳು, ಬೆಚ್ಚನೆ ಜಾಗ ಹುಡುಕಿ ಬರುವ ಜಿರಳೆ, ಹಲ್ಲಿ, ಇರುವೆಗಳು ಸರ್ಕಿಟ್ ಬೋರ್ಡಿಗೆ ಹಾನಿ ಮಾಡುವುದು ನಿಜ. ಅದಕ್ಕೆ ಜಾಲರಿ ಇದೆ. ಆದರೆ ಜಾಲರಿಯ ತಂತಿಗಳು ಕಿಂಡಿಯ ಒಂದು ಪಾಲನ್ನು ಮುಚ್ಚುತ್ತವೆ, ದೂಳು ಕೂತರೆ ಇನ್ನಷ್ಟು. ಹಾಗಾಗಿ ಕಿಂಡಿಯನ್ನು ಲೆಕ್ಕಕ್ಕಿಂತ ದೊಡ್ಡದಾಗಿ ಬಿಟ್ಟು, ತಿಂಗಳಿಗೊಮ್ಮೆ ಬ್ರಷ್ಷಿನಿಂದ ಗುಡಿಸಬೇಕು.

ಇನ್ನೊಂದು ಮಾತು: ಎಲ್ಲ ಉಪಕರಣಗಳಿಗೂ ಗಾಳಿ ಬೇಕಿಲ್ಲ. ಕ್ಯಾಸೆಟ್ ಡೆಕ್, ಸಿಡಿ ಪ್ಲೇಯರ್, ಟರ್ನ್‌ಟೇಬಲ್‌ಗಳು ಹೆಚ್ಚು ಶಾಖ ಕೊಡುವವಲ್ಲ. ದೂಳಿನಿಂದ ಕಾಪಾಡಬೇಕಾದವು ಅವೇ. ಅವು ಗಾಜಿನ ಹಿಂದಿರಲಿ. 'ಡಿ' ವರ್ಗದ ಹೊಸ ಆಂಪ್ಲಿಫೈಯರುಗಳ ದಕ್ಷತೆ ಶೇಕಡಾ 90ರ ಸಮೀಪ. 50 ವ್ಯಾಟ್ ಸಂಗೀತಕ್ಕೆ ಐದಾರು ವ್ಯಾಟ್ ಶಾಖವಷ್ಟೆ. ಅದಕ್ಕೂ ಷೋಕೇಸ್ ಅಡ್ಡಿಯಿಲ್ಲ. ದಿನವಿಡೀ ಚಾಲೂ ಇರುವ ಸೆಟ್‌ಟಾಪ್ ಬಾಕ್ಸ್, ರೂಟರುಗಳು ಮಾತ್ರ ಸಣ್ಣವಾದರೂ ಬಿಡುವಿಲ್ಲದೆ ಬೇಯುವವು, ಅವನ್ನು ಹೊರಗಿಡಿ. ಹೀಗೆ ಒಂದೊಂದರ ಗುಣ ನೋಡಿ ಜಾಗ ಕೊಡುವುದೇ ವಿವೇಕ.

ಶಾಲೆಯ ಪೆಟ್ಟಿಗೆ

ಈ ಮಾತು ಮನೆಗೆ ಮಾತ್ರ ಸೀಮಿತವಲ್ಲ. ಅನೇಕ ಶಾಲೆಗಳಲ್ಲಿ ಪ್ರಾರ್ಥನೆಗೆ, ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ಬಳಸುವ ಆಂಪ್ಲಿಫೈಯರನ್ನು ಕಳ್ಳತನದ ಭಯದಿಂದ ಬೀಗವಿರುವ ಮರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಭದ್ರತೆ ಬೇಕು, ಒಪ್ಪೋಣ. ಆದರೆ ಬೀಗ ಹಾಕಿದಂತೆಯೇ, ಗುಂಡಿಗಳ ಮುಂದೆ ಒಂದು ಸಣ್ಣ ಕಿಟಕಿ ಮಾತ್ರ ಬಿಟ್ಟು, ಮೂರು ಗಂಟೆಯ ಕಾರ್ಯಕ್ರಮ ನಡೆಸುವುದು ತಪ್ಪು. ಹಣ ಕೂಡಿಸಿ ಕೊಂಡ ಉಪಕರಣ ಸಮಾರಂಭದ ನಡುವೆ ಮೂಕವಾದರೆ ನಷ್ಟ ಹಣದ್ದಷ್ಟೇ ಅಲ್ಲ; ತಿಂಗಳಿಂದ ಹಾಡು ಕಲಿತ ಮಕ್ಕಳದ್ದೂ ಹೌದು. ಬಳಸುವಾಗ ಮುಚ್ಚಳ, ಹಿಂಬಾಗಿಲು ಪೂರ್ತಿ ತೆರೆಯುವಂತಿರಬೇಕು. ಇಲ್ಲವೇ ಹಿಂಬದಿಗೆ ಹಲಗೆಯ ಬದಲು ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಬೇಕು.

ನಮ್ಮ ಪಾಠಗಳ ಬಗೆಗೂ ಒಂದು ಆಕ್ಷೇಪಣೆ ಇದೆ. ಉಷ್ಣ ಪ್ರಸಾರದ ಮೂರು ವಿಧಗಳನ್ನು ಮಕ್ಕಳು ಚೆನ್ನಾಗಿ ಬರೆಯುತ್ತಾರೆ. ಸಂವಹನಕ್ಕೆ ಉದಾಹರಣೆ ಕೇಳಿದರೆ ಕಡಲಗಾಳಿ, ನೆಲಗಾಳಿ ಎನ್ನುತ್ತಾರೆ. ಕಡಲನ್ನೇ ಕಾಣದ ಬೀದರಿನ ಮಗುವೂ ಅದನ್ನೇ ಬರೆಯುತ್ತದೆ. ತನ್ನ ಮನೆಯ ಟಿವಿ ಯೂನಿಟ್ಟಿನಲ್ಲಿ ಅದೇ ಸಂವಹನ ಉಸಿರುಕಟ್ಟಿ ನಿಂತಿರುವುದು ಅದರ ಕಣ್ಣಿಗೆ ಬಿದ್ದಿರುವುದಿಲ್ಲ. ಕಲಿತದ್ದು ಕಣ್ಣೆದುರಿನ ವಸ್ತುವನ್ನು ಪ್ರಶ್ನಿಸಲು ಬರದಿದ್ದರೆ ಆ ಕಲಿಕೆ ಅರ್ಧದಲ್ಲೇ ನಿಂತಂತೆ.

ಹೀಗೆ ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲೇ ಮಾಡಬೇಕಾದ ಪ್ರಯೋಗ ಇದು. ಸುಮಾರು 30 ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಮರದ ಪೆಟ್ಟಿಗೆ ತೆಗೆದುಕೊಳ್ಳಿ. ರಟ್ಟಿನದು ಬೇಡ. ಒಂದು ಪಕ್ಕದಲ್ಲಿ ಕೆಳಗೊಂದು, ಎದುರು ಪಕ್ಕದಲ್ಲಿ ಮೇಲೊಂದು ಸೀಳು ಮಾಡಿ, ಎರಡಕ್ಕೂ ಜಾರುವ ಮುಚ್ಚಳ ಇಡಿ. ಒಳಗೆ ಹೋಲ್ಡರನ್ನು ಭದ್ರವಾಗಿ ಬಿಗಿದು, 15 ವ್ಯಾಟಿನ ಹಳೆಯ ತಂತು ಬಲ್ಬನ್ನು ಯಾವ ಹಲಗೆಗೂ ತಾಗದಂತೆ ಹಾಕಿ. ಬಳಕೆಯಲ್ಲಿ 'ಜೀರೋ ಬಲ್ಬ್' ಎಂದು ಕರೆಯುತ್ತಿದ್ದ ತಂತು ಬಲ್ಬೂ ಆದೀತು. ಹೆಸರು ಸೊನ್ನೆಯಾದರೂ ಅದು 12ರಿಂದ 15 ವ್ಯಾಟ್ ಬಳಸುತ್ತದೆ. ಎಲ್‌ಇಡಿ ಬಲ್ಬ್ ಈ ಪ್ರಯೋಗಕ್ಕೆ ಬಾರದು. ಮೇಲಿನಿಂದ ಒಂದು ತಾಪಮಾಪಕವನ್ನು ಇಳಿಸಿ, ಅದರ ಬುರುಡೆ ಬಲ್ಬಿಗೆ ನೇರವಾಗಿ ಎದುರಾಗದಂತೆ ಮರೆ ಇಡಿ.

ಎರಡೂ ಸೀಳು ಮುಚ್ಚಿ, ಕೆಳಗಿನದನ್ನು ಮಾತ್ರ ತೆರೆದು, ಮೇಲಿನದನ್ನು ಮಾತ್ರ ತೆರೆದು, ಎರಡನ್ನೂ ತೆರೆದು, ಹೀಗೆ ನಾಲ್ಕು ಬಾರಿ ಮಾಡಿ. ಪ್ರತಿ ಬಾರಿಯೂ ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆ ಆರಂಭಿಸಿ, 5 ನಿಮಿಷಕ್ಕೊಮ್ಮೆ ತಾಪವನ್ನು ಬರೆದುಕೊಂಡು, ಏರಿಕೆ ನಿಲ್ಲುವವರೆಗೆ ಕಾಯಿರಿ. ನಾಲ್ಕೂ ಓದುಗಳನ್ನು ಒಂದೇ ಗ್ರಾಫಿನಲ್ಲಿ ಎಳೆಯಿರಿ. ಎರಡೂ ತೆರೆದಿರುವಾಗ ಕೆಳಗಿನ ಸೀಳಿನ ಹೊರಗೆ ಊದುಬತ್ತಿ ಹಿಡಿದರೆ ಹೊಗೆ ಒಳಗೆ ಸೆಳೆದುಕೊಂಡು ಹೋಗುವುದು ಕಾಣಿಸುತ್ತದೆ.

ಆ ಗ್ರಾಫನ್ನು ಕೈಯಲ್ಲಿ ಹಿಡಿದು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಟಿವಿ ಯೂನಿಟ್ಟಿನ ಮುಂದೆ ನಿಲ್ಲಲಿ. ಉಪಕರಣಗಳನ್ನು ಎರಡು ಗಂಟೆ ನಡೆಸಿ, ಬಾಗಿಲು ಮುಚ್ಚಿದ ಖಾನೆಯೊಳಗೆ ತಾಪಮಾಪಕ ಇಟ್ಟು ಓದಲಿ. ಕೋಣೆಯ ತಾಪವನ್ನೂ ಬರೆದುಕೊಳ್ಳಲಿ. ವ್ಯತ್ಯಾಸ 10 ಡಿಗ್ರಿಯೊಳಗಿದ್ದರೆ ಆ ಪೀಠೋಪಕರಣ ಪಾಸು. 20 ಡಿಗ್ರಿ ಮೀರಿದ್ದರೆ ಮನೆಯ ಹಿರಿಯರಿಗೆ ಲೆಕ್ಕ ತೋರಿಸಿ, ಬಾಗಿಲನ್ನಾದರೂ ತೆಗೆಸಲಿ, ಹಿಂದಿನ ಹಲಗೆಯನ್ನಾದರೂ ಬಿಚ್ಚಿಸಲಿ. ಅದಕ್ಕೆ ಬೇಕಾಗುವುದು ಒಂದು ಸ್ಕ್ರೂಡ್ರೈವರ್ ಮತ್ತು ಅರ್ಧ ಗಂಟೆ.